ಇಪ್ಪತ್ನಾಲ್ಕು ಕತ್ತೆಮರಿ

ಮೊದಲು ರೊಟ್ಟಿಯಲ್ಲೇ ಸುತ್ತಿ ನೋಡಿದೆವು.
ಜೋಳ ಬಾಗಲಿಲ್ಲ.
ಮಡಚಿದಲ್ಲೆಲ್ಲ ಎರೆಹೊಲದ ಹಾಗೆ ಬಿರಿದು
ಅಲಸಂದಿ ಕಾಳು ನೆಲದ ಪಾಲು.
"ಇದು ತಟ್ಟಾಕ ಹುಟ್ಟೇತಿ, ಸುತ್ತಾಕಲ್ಲ" ಅಂದ ಮೌನೇಶ,
ಬಿದ್ದ ಕಾಳು ಆರಿಸಿ ಬಾಯಿಗೆ ಹಾಕಿಕೊಳ್ಳುತ್ತ.
ಆಮೇಲೆ ಗೋಧಿಗೆ ಬಂದೆವು.

ಲ್ಯಾಬಿನ ಫರ್ಜಾನಾ ಕಲಿಸಿದ್ದು ಇದು.
ಬುರಿಟೊ ಅಂದರೆ ಎಲ್ಲೋ ದೂರದ ಭಾಷೆಯಲ್ಲಿ
ಸಣ್ಣ ಕತ್ತೆಯಂತೆ.
ಶಕ್ತಿನಗರದಲ್ಲಿ ಶಿಫ್ಟು ಎಳೆಯುವ ಇಬ್ಬರ ಊಟಕ್ಕೆ
ಇದಕ್ಕಿಂತ ಒಪ್ಪುವ ಹೆಸರು ಯಾರು ಇಟ್ಟಾರು?

ಅವನು ಕಲ್ಲಿದ್ದಲ ಬೆಲ್ಟಿನ ಮೇಲೆ,
ನಾನು ಬಾಯ್ಲರಿಗೆ ಹೋಗುವ ನೀರು ಅಳೆಯುವವಳು.
ಅವನ ಹಗಲು ನನ್ನ ರಾತ್ರಿ.
ಗೇಟಿನ ಹತ್ತಿರ, ಬಸ್ಸಿನ ಕಿಟಕಿಯಿಂದ ಕಿಟಕಿಗೆ
ಕೈ ಎತ್ತಿದರೆ ಅವತ್ತಿನ ಸಂಸಾರ ಮುಗಿಯಿತು.
ಒಂದೇ ಒಲೆಯ ಮುಂದೆ ನಿಲ್ಲುವುದು ಭಾನುವಾರ,
ಅದೂ ಎರಡು ವಾರಕ್ಕೊಮ್ಮೆ.
ಹನ್ನೆರಡು ದಿನ, ಎರಡು ಹೊಟ್ಟೆ,
ಇಪ್ಪತ್ನಾಲ್ಕು ಕತ್ತೆಮರಿ.

ರಾತ್ರಿ ನೆನೆಹಾಕಿದ ಕಾಳಿಗೆ ಮೂರು ಸೀಟಿ.
ಸಿಂಧನೂರಿನ ಸೋನಾ ಮಸೂರಿ ಉದುರುದುರಾಗಿ.
ಬದನೆಕಾಯಿ ತನ್ನ ನೀರೆಲ್ಲ ಬಿಡುವವರೆಗೆ ಹುರಿಯಬೇಕು.
ಗುರೆಳ್ಳು ಪುಡಿಗೆ ಅಳತೆ ಇಲ್ಲ.
ಪುಂಡಿಪಲ್ಲೆ ನನ್ನ ಹಟ,
ಅದರ ಹುಳಿ ಯಾವ ಚಳಿಗೂ ಬಗ್ಗುವುದಿಲ್ಲ.
ಸೌತೆ ಬೇಡ, ಮೊಸರು ಬೇಡ,
ಒಳಗೆ ಹೋದರೆ ಅತ್ತುಬಿಡುತ್ತವೆ.

ಕಷ್ಟವಿರುವುದು ಆರಿಸುವುದರಲ್ಲಿ.
ಏಪ್ರಿಲ್ಲಿನ ರಾಯಚೂರಲ್ಲಿ ಏನು ಆರುತ್ತದೆ ಹೇಳಿ,
ಫ್ಯಾನು ಒಲೆಯ ಉಸಿರನ್ನೇ ತಿರುವಿ ತಿರುವಿ ಕೊಡುವಾಗ?
ಫರಸಿಯ ಮೇಲೆ ನೀರು ಚೆಲ್ಲಿ, ಪರಾತ ಇಟ್ಟು,
ಆಚೆಗೊಬ್ಬರು ಈಚೆಗೊಬ್ಬರು ಕೂತು ಕಾಯುತ್ತೇವೆ.
ಹದಿನೈದು ದಿನದ ಮಾತೆಲ್ಲ
ಆಗಲೇ ನಡೆಯುವುದು.
"ಬಿಸಿ ಇದ್ದಾಗ ಮಡಚಬ್ಯಾಡಕ್ಕ,
ಒಳಗ ಮಂಜು ಕುಂದರತೈತಿ"
ಅಂತ ಫರ್ಜಾನಾ ಮೂರು ಸಲ ಹೇಳಿದ್ದಳು.

ನನ್ನ ಮಡಿಕೆ ಸಡಿಲ.
ಅವನದು ಬಿಗಿ: ಎರಡೂ ಕಿವಿ ಒಳಗೆ,
ಕೊನೆಗೆ ಹೆಬ್ಬೆರಳಿನ ಒಂದು ಗುದ್ದು.
ಮೇಲೆ ಫಾಯಿಲು, ಟೇಪು, ಬಾಲ್‌ಪೆನ್ನಿನ ತಾರೀಖು.

ಕರೆಂಟು ಹುಟ್ಟುವ ಊರಲ್ಲೂ ಕರೆಂಟು ಹೋಗುತ್ತದೆ.
ಒಮ್ಮೆ ಒಂಬತ್ತು ತಾಸು,
ಫ್ರಿಜ್ಜಿನ ಕಡೆ ನೋಡಲೂ ಹೆದರಿ
ಅಂಗಳದಲ್ಲಿ ಚಾಪೆ ಹಾಸಿಕೊಂಡಿದ್ದೆವು,
ದೂರದ ಚಿಮಣಿ ತನ್ನ ಕೆಂಪು ದೀಪ ಮಿಟುಕಿಸುತ್ತಿತ್ತು,
ನಗುವವರ ಹಾಗೆ.

ಹೋದ ಸಲ ಮಾತು ಬೆಳೆಯಿತು.
ಅವನ ಅಕ್ಕನಿಗೆ ಕೊಟ್ಟ ಮೂವತ್ತು ಸಾವಿರ,
ನನಗೆ ಹೇಳದೆ.
ಬದನೆಕಾಯಿ ತಳ ಹತ್ತಿತು.
ಆದರೂ ಇಪ್ಪತ್ನಾಲ್ಕು ಇಪ್ಪತ್ನಾಲ್ಕೇ.
ಫಾಯಿಲು ಹರಿಯುವ ಸದ್ದು, "ತಗೋ", "ಹೂಂ".
ಪರಾತದ ಆಚೀಚೆ ಕೂಡಲು ಇಬ್ಬರಿಗೂ ಮನಸ್ಸಿರಲಿಲ್ಲ.
ಬಿಸಿಬಿಸಿಯೇ ಸುತ್ತಿ ತಳ್ಳಿದೆವು.

ಗುರುವಾರ ರಾತ್ರಿ ಮೂರು ಗಂಟೆ.
ಕ್ಯಾಂಟೀನಿನ ಓವನ್ನಿಗೆ ಇಡುವ ಮುಂಚೆ ಫಾಯಿಲು ಬಿಚ್ಚಿದೆ.
ಹೌದು, ಕೂತಿತ್ತು.
ಉಪ್ಪಿನ ಹರಳಿನಂತೆ, ಮಡಿಕೆ ಮಡಿಕೆಯಲ್ಲೂ.
ಬಿಗಿ ಮಡಿಕೆ. ಹೆಬ್ಬೆರಳ ಗುದ್ದು.
ಟೇಪಿನ ಮೇಲೆ, ತಾರೀಖಿನ ಕೆಳಗೆ,
ಅವನ ಸೊಟ್ಟ ಅಕ್ಷರ:
"ಖಾರ ಕಮ್ಮಿ. ನಿನ್ನ ಹೊಟ್ಟಿ ಉರೀತೈತಲ್ಲ."

ಯಾವಾಗ ಬರೆದ?
ನನಗೆ ಬೆನ್ನು ಮಾಡಿ ನಿಂತಿದ್ದನಲ್ಲ, ಆಗಲೇ ಇರಬೇಕು.

ಅರ್ಧ ನೆಂದಿತ್ತು, ಅರ್ಧ ಸುಡುತ್ತಿತ್ತು,
ಒಂದು ತುದಿ ಇನ್ನೂ ಕಲ್ಲು.
ನಿಂತೇ ತಿಂದೆ. ಟೇಪನ್ನು
ನೀರಿನ ಲೆಕ್ಕದ ರಿಜಿಸ್ಟರಿನ ಹಿಂಬದಿಗೆ ಅಂಟಿಸಿದೆ.

ಮೂವತ್ತು ಸಾವಿರದ ಮಾತು ಬಾಕಿಯೇ ಇದೆ.
ಬರುವ ಭಾನುವಾರ ಕೇಳುತ್ತೇನೆ,
ಕಾಳು ಆರಲು ಇಟ್ಟ ಮೇಲೆ.